ಯಾವ ಕೆರೆ ಅಂತ ಬರೆದಿಲ್ಲ

ಅಡಿಕೆ ಕೊಯ್ಲಿನ ಹೊತ್ತಿಗೇ ಶಾಲೆಯವರು ಪ್ರಾಜೆಕ್ಟ್ ಕೊಡ್ತಾರೆ. ಈ ಸಲ ಅಕ್ಕನ ಮಗಳಿಗೆ ಸಿಕ್ಕ ವಿಷಯ, ‘ಯುದ್ಧದಲ್ಲಿ ಜನಸಾಮಾನ್ಯರ ಮೇಲೆ ನಡೆದ ಕ್ರೌರ್ಯ’. ಒಂದು ಚಾರ್ಟು, ನಾಲ್ಕು ಪುಟ ಬರಹ, ಕೊನೆಯಲ್ಲಿ ಐದು ನಂಬಿಕಸ್ಥ ಮೂಲಗಳ ಹೆಸರು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ! ಅವಳ ತರಗತಿಯಲ್ಲಿ ಅರ್ಧ ಮಕ್ಕಳು ಆಗಲೇ ಹಿರೋಷಿಮಾ ಅಂತ ಬರೆಸಿಯಾಗಿತ್ತು. ಅದಕ್ಕೇ ಇವಳಿಗೆ ಬೇರೆ ಏನಾದರೂ ಬೇಕು ಅನ್ನುವ ಹಟ.

ನಾನು ಸಾಗರದ ಹತ್ತಿರದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಇತಿಹಾಸಕ್ಕೂ ನನಗೂ ಎಸ್‌ಎಸ್‌ಎಲ್‌ಸಿ ಮುಗಿದ ದಿನವೇ ಸಂಬಂಧ ಕಡಿದಿತ್ತು. ಆದರೂ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಾಗ ಅಪ್ಪಯ್ಯ ಸುಮ್ನೆ ಒಂದು ಮಾತು ಎಸೆದರು. ‘ಜಪಾನಿಗೆ ಯಾಕೆ ಹೋಗ್ತೀಯೆ ಪುಟ್ಟಿ, ಇಲ್ಲೇ ಆನಂದಪುರದ ಕೋಟೇಲಿ ಇಂಗ್ಲಿಷರು ಹೆಂಗಸರನ್ನೆಲ್ಲ ಕೊಂದಿದ್ರಂತೆ.’ ಯಾರು ಹೇಳಿದ್ದು ಅಂದರೆ, ‘ಯಾರೋ ಹೇಳಿದ್ರು. ಎಲ್ಲೋ ಓದಿದ ನೆನಪು.’ ಇಷ್ಟೇ. ನಮ್ಮ ಮೊದಲ ಮೂಲ ಇದು.

ಆನಂದಪುರ ನಮಗೆ ಗೊತ್ತಿಲ್ಲದ ಊರೇನಲ್ಲ. ಶಿವಮೊಗ್ಗಕ್ಕೆ ಹೋಗುವ ಪ್ರತಿ ಬಸ್ಸೂ ಅಲ್ಲಿ ನಿಲ್ಲುತ್ತದೆ. ರೈಲೂ ನಿಲ್ಲುತ್ತದೆ. ಕೆಳದಿಯ ರಾಜ, ರಂಗೋಲಿ ಹಾಕುವ ಚಂಪಕ, ಅವಳ ನೆನಪಿಗೆ ಕಟ್ಟಿಸಿದ ಚಂಪಕ ಸರಸಿ ಎನ್ನುವ ಕೊಳ, ಈ ಕಥೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೋಟೆಯ ಸುದ್ದಿ ಕೇಳಿದರೆ ಮಾತ್ರ ಎಲ್ಲರೂ ಅಪ್ಪಯ್ಯನ ಥರವೇ, ‘ಅಂತೆ’.

ಮಾರನೇ ದಿನ ಪುಟ್ಟಿ ಮೊಬೈಲಲ್ಲಿ ಹುಡುಕಿ ಕುಣಿಯುತ್ತಾ ಬಂದಳು. ಸಿಕ್ಕಿತ್ತು. 1783, ಜನರಲ್ ಮ್ಯಾಥ್ಯೂಸ್, ಅನಂತಪುರ. ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಚಾರ್ಟಿನ ಮೇಲೆ ಮ್ಯಾಪ್ ಕೂಡ ಬಿಡಿಸಿಟ್ಟಿದ್ದಳು. ನೋಡಿದರೆ ಆಂಧ್ರದ ಅನಂತಪುರ! ಬಳ್ಳಾರಿ ದಾಟಿ ಆಚೆ ಒಂದು ಕೆಂಪು ಚುಕ್ಕಿ. ‘ಅಲ್ಲಾ ಕಣೇ, ನಮ್ಮ ಊರು ಎಲ್ಲಿ ಹೋಯ್ತು?’ ಅಂದರೆ, ‘ಗೂಗಲ್ ತೋರಿಸಿದ್ದೇ ಅದು ಚಿಕ್ಕಮ್ಮ’ ಅಂದಳು.

ಅದನ್ನು ಬಿಡಿಸಲು ಒಂದು ರಾತ್ರಿ ಹಿಡಿಯಿತು. ಮ್ಯಾಥ್ಯೂಸ್ ಬಂದ ದಾರಿಯನ್ನೇ ಹಿಡಿದೆವು. ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೇನೆ ಅದು. ಹೈದರ್ ತೀರಿಕೊಂಡು ತಿಂಗಳಾಗಿತ್ತಷ್ಟೆ. ಟಿಪ್ಪು ದೂರದಲ್ಲಿದ್ದ. ಜನವರಿಯಲ್ಲಿ ಹೊನ್ನಾವರ ಹಿಡಿದರು, ಆಮೇಲೆ ಕುಂದಾಪುರ, ಅಲ್ಲಿಂದ ಹೊಸಂಗಡಿ ಘಾಟಿ ಹತ್ತಿ ನಗರ. ಹೌದು, ನಮ್ಮ ಹೊಸನಗರ ತಾಲ್ಲೂಕಿನ ನಗರವೇ, ಹಿಂದಿನ ಬಿದನೂರು. ಅಲ್ಲಿದ್ದ ಟಿಪ್ಪುವಿನ ಅಧಿಕಾರಿ ಯುದ್ಧವೇ ಮಾಡದೆ ಕೋಟೆ ಬಿಟ್ಟುಕೊಟ್ಟ. ಅನಂತಪುರದ ಕೋಟೆಗೆ ನುಗ್ಗಿದ್ದು ಫೆಬ್ರವರಿಯಲ್ಲಿ. ನಗರದಲ್ಲಿದ್ದ ದಂಡು ಅಷ್ಟರಲ್ಲಿ ರಾಯಲಸೀಮೆಗೆ ಹಾರಿಹೋಗಲು ಸಾಧ್ಯವಾ? ಬ್ರಿಟಿಷರ ಕಾಲದ ರೈಸ್ ಸಾಹೇಬರು ಊರೂರಿನ ವಿವರ ಬರೆದಿಟ್ಟ ಮೈಸೂರು ಗೆಜೆಟಿಯರ್ ತೆಗೆದರೆ ಸಾಗರ ತಾಲ್ಲೂಕಿನ ಊರುಗಳ ಸಾಲಿನಲ್ಲೇ ಅನಂತಪುರ ಇದೆ. ಹಳೇ ಕಾಗದದ ಅನಂತಪುರವೇ ಈಗಿನ ಆನಂದಪುರ. ಮ್ಯಾಪ್ ಅಳಿಸಿದ್ದಾಯಿತು.

ಈಗ ಪುಟ್ಟಿಯ ಹತ್ತಿರ ಐದು ಮೂಲ ಇದ್ದವು. ಒಂದು ಯೂಟ್ಯೂಬ್ ವಿಡಿಯೋ, ಯಾರೋ ಬರೆದ ಎರಡು ಲೇಖನ, ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಒಂದು ಬರಹ, ಜೇಮ್ಸ್ ಮಿಲ್ ಎನ್ನುವವನ ದಪ್ಪ ಪುಸ್ತಕದ ಒಂದು ಪುಟ. ಐದರಲ್ಲೂ ಒಂದೇ ಕಥೆ. ಕೋಟೆಯಲ್ಲಿದ್ದ ಗಂಡಸರನ್ನೆಲ್ಲ ಕತ್ತರಿಸಿದರು. ನಾನೂರಕ್ಕೂ ಹೆಚ್ಚು ಸುಂದರ ಹೆಂಗಸರು ಬಯೊನೆಟ್ ತಿವಿತ ತಿಂದು, ಸತ್ತೋ ಸಾಯುತ್ತಲೋ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿದ್ದಿದ್ದರು. ಸಿಪಾಯಿಗಳು ಅವರ ಮೈಮೇಲಿನ ಒಡವೆ ಕೀಳುತ್ತಿದ್ದರು. ತಮ್ಮವರನ್ನು ಬಿಟ್ಟು ಬರಲು ಒಪ್ಪದ ಎಷ್ಟೋ ಹೆಂಗಸರು ದೊಡ್ಡ ಕೆರೆಗೆ ಹಾರಿ ಸತ್ತರು.

ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಅಡಿಕೆ ಸುಲಿಯಲಿಲ್ಲ.

‘ಐದೂ ಆಯ್ತಲ್ಲ, ಬರೆದುಬಿಡ್ಲಾ?’ ಅಂದಳು. ನನ್ನ ಲೆಕ್ಕದ ಬುದ್ಧಿ ಅಲ್ಲಿ ಅಡ್ಡ ಬಂತು. ಐದು ಕಡೆ ನಾನೂರೇ, ಐದು ಕಡೆಯೂ ಕೆರೆ, ಮಾತಿನ ಜೋಡಣೆ ಕೂಡ ಅದೇ. ಸೊಸೈಟಿಯಲ್ಲಿ ಒಂದೇ ಓಚರನ್ನು ಐದು ಪುಸ್ತಕಕ್ಕೆ ಏರಿಸಿದರೆ ಖರ್ಚು ಐದಾಗಲ್ಲ. ಆಡಿಟಿನವರು ಮೊದಲು ಕೇಳುವುದೇ ಓಚರ್ ಎಲ್ಲಿ ಅಂತ. ‘ಇವರಿಗೆಲ್ಲ ಇದನ್ನ ಹೇಳಿದ್ದು ಯಾರು, ಅದನ್ನ ಹುಡುಕು’ ಅಂದೆ.

ಹುಡುಕುತ್ತಾ ಹೋದರೆ ಎಲ್ಲ ದಾರಿಯೂ ಒಂದೇ ಕಾಗದಕ್ಕೆ ಬಂದು ನಿಂತಿತು. ಶೀನ್ ಎನ್ನುವ ಒಬ್ಬ ಲೆಫ್ಟಿನೆಂಟ್ ಬರೆದ ಪತ್ರ. ಆ ಸುದ್ದಿ ಲಂಡನ್ನಿನ ಆನ್ಯುಯಲ್ ರಿಜಿಸ್ಟರ್ ಎನ್ನುವ ವರ್ಷದ ಪುಸ್ತಕದಲ್ಲಿ ಅಚ್ಚಾಯಿತು. 1817ರಲ್ಲಿ ಮಿಲ್ ತನ್ನ ಭಾರತದ ಇತಿಹಾಸಕ್ಕೆ ಸೇರಿಸಿದ. ಈ ಮಿಲ್ ಭಾರತಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ! ಅವನಿಂದ ಉಳಿದವರೆಲ್ಲ ಎತ್ತಿಕೊಂಡರು.

ರಿಜಿಸ್ಟರಿನ ಹಳೇ ಅಚ್ಚಿನ ಪುಟ ಓದುವುದು ಒಂದು ತಮಾಷೆ. ಆ ಕಾಲದ ಇಂಗ್ಲಿಷಿನಲ್ಲಿ ‘ಎಸ್’ ಅಕ್ಷರ ಹೆಚ್ಚಿನ ಕಡೆ ‘ಎಫ್’ ಥರ ಇರುತ್ತದೆ. ಪುಟ್ಟಿ ‘ಫೋಲ್ಜರ್ಸ್’ ಅಂತ ಓದಿ, ಇದು ಯಾವ ಜಾತಿಯ ಜನ ಅಂತ ಕೇಳಿದಳು. ಸೋಲ್ಜರ್ಸ್ ಅಂತ ಹೊಳೆದ ಮೇಲೆ ಇಬ್ಬರೂ ನಕ್ಕೆವು. ಎರಡು ಸಾಲು ಕೆಳಗೆ ಹೋದ ಮೇಲೆ ನಗು ನಿಂತಿತು.

ಇನ್ನೊಂದು ಕಡೆಯದೂ ಸಿಕ್ಕಿತು. ಸುದ್ದಿ ಹಬ್ಬಿ ನಾಲ್ಕೈದು ವರ್ಷದೊಳಗೆ ಮುಂಬೈ ಸೇನೆಯ ಅಧಿಕಾರಿಗಳು ತಾವು ಹಾಗೆಲ್ಲ ಮಾಡಿಯೇ ಇಲ್ಲ ಅಂತ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ್ದರು. ಸರಿ, ಆದರೆ ಅವರು ಆರೋಪ ಹೊತ್ತವರು. ಕಳ್ಳತನದ ದೂರು ಬಂದಾಗ ಯಾವ ಗುಮಾಸ್ತ ‘ನಾನೇ’ ಅಂತಾನೆ? ಕೋಟೆಯೊಳಗಿದ್ದವರು ಏನಾದರೂ ಬರೆದಿದ್ದಾರಾ? ಆ ಕಡೆಯ ಒಂದು ಸಾಲೂ ನಮ್ಮ ಕೈಗೆ ಸಿಗಲಿಲ್ಲ. ಕೆಳದಿ ರಾಜರ ಕಥೆ ಹೇಳುವ ಹಳೇ ಕಾವ್ಯ ಕೆಳದಿನೃಪವಿಜಯದಲ್ಲಿ ಇರಬಹುದು ಅಂತ ಅಪ್ಪಯ್ಯ ಆಸೆ ಹುಟ್ಟಿಸಿದರು. ಆದರೆ ಅವರ ರಾಜಧಾನಿ ಬಿದನೂರನ್ನು ಹೈದರ್ ಗೆದ್ದದ್ದು 1763ರಲ್ಲಿ. ಕೆಳದಿಯವರ ಕಥೆ ಅಲ್ಲಿಗೇ ಮುಗಿಯುತ್ತದೆ, ಇದಕ್ಕಿಂತ ಇಪ್ಪತ್ತು ವರ್ಷ ಮೊದಲೇ.

ವಾಟ್ಸಾಪ್ ಬರಹದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಮೊದಲರ್ಧ ಆನಂದಪುರ, ಉಳಿದರ್ಧ ಟಿಪ್ಪು ಎಷ್ಟು ಒಳ್ಳೆಯವನು ಅಂತ. ನಮ್ಮ ಫ್ಯಾಮಿಲಿ ಗ್ರೂಪಿಗೆ ಅದನ್ನು ಹಾಕಿದ ಐದು ನಿಮಿಷಕ್ಕೆ ಟಿಪ್ಪು ಎಷ್ಟು ಕೆಟ್ಟವನು ಅಂತ ಇನ್ನೊಂದು ಬಂತು. ಏಪ್ರಿಲ್‌ನಲ್ಲಿ ಟಿಪ್ಪು ಬಂದು ನಗರವನ್ನು ಮುತ್ತಿದ್ದು, ಮ್ಯಾಥ್ಯೂಸ್ ಶರಣಾಗಿ ಸೆರೆಯಲ್ಲೇ ಸತ್ತದ್ದು, ಕೈದಿಗಳ ಪಾಡು, ಎಲ್ಲ ಇತ್ತು. ಆ ಜಗಳ ಮೂರು ದಿನ ನಡೆಯಿತು. ಕೆರೆಗೆ ಹಾರಿದ ಹೆಂಗಸರ ಹೆಸರು ಒಬ್ಬರೂ ಎತ್ತಲಿಲ್ಲ.

ಪುಟ್ಟಿ ಕೇಳಿದ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ‘ಚಿಕ್ಕಮ್ಮ, ಸತ್ತವರೆಲ್ಲ ಸುಂದರವಾಗೇ ಇದ್ರಾ? ಅಜ್ಜಿಯಂದಿರು ಇರ್ಲಿಲ್ವಾ ಕೋಟೇಲಿ?’ ಪತ್ರ ಬರೆದವನ ಕಣ್ಣು ಎಲ್ಲಿತ್ತು ಅಂತ ಆ ಒಂದು ಪದದಲ್ಲೇ ಗೊತ್ತಾಗುತ್ತೆ, ಅಲ್ವಾ? ಆ ಹೊಗೆ, ಕೂಗಾಟದ ಮಧ್ಯೆ ನಾನೂರು ಅಂತ ಎಣಿಸಿದ್ದಾದರೂ ಯಾರು? ಏನೂ ಆಗಲೇ ಇಲ್ಲ ಅನ್ನುವುದನ್ನು ನಂಬಲು ನನಗೆ ಕಷ್ಟ. ನಾನೂರು ಅನ್ನುವ ಲೆಕ್ಕಕ್ಕೆ ಸಹಿ ಹಾಕುವುದು ಅದಕ್ಕಿಂತ ಕಷ್ಟ.

ಭಾನುವಾರ ಇಬ್ಬರೂ ಬಸ್ ಹತ್ತಿ ಆನಂದಪುರಕ್ಕೆ ಹೋದೆವು. ಚಾರ್ಟಿಗೆ ಫೋಟೋ ಬೇಕಿತ್ತು. ಚಂಪಕ ಸರಸಿಯ ಹೂಳೆತ್ತಿ ಚೊಕ್ಕ ಮಾಡಿದ ಮೇಲೆ ಜನ ಜಾಸ್ತಿ. ಜಂಬಿಟ್ಟಿಗೆಯ ಮೆಟ್ಟಿಲು, ನಡುವೆ ಪುಟ್ಟ ಗುಡಿ, ಹಸಿರು ನೀರು. ಮದುವೆ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಪುಟ್ಟಿ ಆ ಜೋಡಿ ಪಕ್ಕಕ್ಕೆ ಸರಿಯುವವರೆಗೆ ಕಾದು, ಬರೀ ನೀರು ಬರುವ ಹಾಗೆ ಒಂದು ಫೋಟೋ ತೆಗೆದಳು. ನಿಜಕ್ಕೂ ಚೆನ್ನಾಗಿ ಬಂದಿತ್ತು.

ಮನೆಗೆ ಬಂದು ನೋಡಿದರೆ ಅದರ ಪ್ರಿಂಟು ಚಾರ್ಟಿನ ನಟ್ಟನಡುವೆ. ಕೆಳಗೆ ಕೆಂಪು ಸ್ಕೆಚ್ ಪೆನ್ನಲ್ಲಿ, ‘ಹೆಂಗಸರು ಹಾರಿದ ಕೆರೆ’.

‘ಇದೇ ಕೆರೆ ಅಂತ ಎಲ್ಲಿ ಬರೆದಿದೆ?’

‘ದೊಡ್ಡ ಕೆರೆ ಅಂತ ಇದೆಯಲ್ಲ.’

‘ಇದು ಕೊಳ. ಆನಂದಪುರದ ಸುತ್ತ ಕೆರೆ ಎಷ್ಟಿವೆ ಅಂತ ಅಜ್ಜನ್ನ ಕೇಳು.’

ಅವಳಿಗೆ ಸಿಟ್ಟು ಬಂತು. ‘ಇಷ್ಟು ಚಂದ ಕೂರ್ತಿತ್ತು ಚಿಕ್ಕಮ್ಮ’ ಅಂದಳು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲ ಮೇಲೆ ನಿಂತಿದ್ದಾಗ ನಾನೂ ಮನಸ್ಸಿನಲ್ಲೇ ಅವರನ್ನು ಅದೇ ನೀರಿಗೆ ಇಳಿಸಿದ್ದೆ. ನಾಳೆ ಇದನ್ನು ನೋಡಿದ ಇನ್ಯಾರೋ ಮೊಬೈಲಲ್ಲಿ ಹಾಕಿದರೆ ಅದೇ ಆರನೇ ಮೂಲ ಆಗುತ್ತಿತ್ತು.

ಫೋಟೋ ಕಿತ್ತಳು. ಗೋಂದಿನ ಜತೆ ಚಾರ್ಟಿನ ಬಿಳಿ ಪದರವೂ ಕಿತ್ತುಬಂದು ಅಂಗೈಯಗಲದ ಒರಟು ಕಲೆ ಉಳಿಯಿತು. ಆ ಜಾಗಕ್ಕೆ ಹೊನ್ನಾವರದಿಂದ ಆನಂದಪುರದವರೆಗಿನ ದಾರಿಯ ಮ್ಯಾಪ್ ಬಿಡಿಸಿದಳು. ಮೂಲಗಳ ಪಟ್ಟಿಯಲ್ಲಿ ‘ಒಂದು ಪತ್ರ, ಅದನ್ನು ಅಲ್ಲಗಳೆದ ಒಂದು ಪುಸ್ತಕ, ಉಳಿದವರು ಪತ್ರವನ್ನು ನೋಡಿ ಬರೆದವರು’ ಅಂತ ಅವಳೇ ಬರೆದಳು. ನಾನು ಹೇಳಿಕೊಟ್ಟದ್ದಲ್ಲ.

ಹತ್ತಕ್ಕೆ ಆರು ಮಾರ್ಕ್ಸ್ ಬಂತು. ಐದು ಮೂಲ ಕೇಳಿದ್ದೆವು, ಎರಡೇ ಇವೆ ಅಂತ ಕೆಂಪು ಶಾಯಿಯಲ್ಲಿ ಷರಾ. ಹಿರೋಷಿಮಾ ಬರೆದ ಪಕ್ಕದ ಬೆಂಚಿನ ಹುಡುಗನಿಗೆ ಒಂಬತ್ತು. ‘ಅವನದ್ರಲ್ಲಿ ಏಳು ಸೋರ್ಸ್ ಇದೆ ಚಿಕ್ಕಮ್ಮ’ ಅಂದ ಪುಟ್ಟಿ, ಬ್ಯಾಗು ಮೂಲೆಗೆಸೆದು ಅಡಿಕೆ ರಾಶಿಯ ಮುಂದೆ ಕೂತಳು. ‘ಅದರಲ್ಲಿ ಎಷ್ಟು ಓಚರ್ ಇದೆ ಅಂತ ಕೇಳಿದೆ. ಅವನಿಗೆ ಅರ್ಥ ಆಗ್ಲಿಲ್ಲ.’