ಕುದುರೆಮುಖದ ಖಾಲಿ ಕ್ವಾರ್ಟರ್ಸು, ಒಂದು ಪೇರಳೆ ಮರ

ಹೋದ ಜುಲೈಯಲ್ಲಿ ಭಾವನ ಜೊತೆ ಕಳಸದಿಂದ ಕಾರ್ಕಳಕ್ಕೆ ಹೊರಟಿದ್ದೆ. ಸಂಸೆ ದಾಟಿ ಕುದುರೆಮುಖ ಟೌನ್‌ಶಿಪ್ ಬಂದ ಕೂಡಲೇ ಭಾವ "ಇಲ್ಲೇ ಸ್ವಲ್ಪ ಎಡಕ್ಕೆ ತಗೊ ಮಾರಾಯ" ಅಂದರು. ಅವರ ಅಪ್ಪ ಗಣಿ ಕೆಲಸದಲ್ಲಿದ್ದವರು, ಭಾವ ಓದಿ ಬೆಳೆದಿದ್ದೆಲ್ಲ ಇಲ್ಲೇ. ಹಳಬರು ಈಗಲೂ ಈ ಊರಿಗೆ ಮಲ್ಲೇಶ್ವರ ಅಂತಲೇ ಹೇಳೋದು.

ಸಾಲಾಗಿ ಮನೆಗಳು. ಅರ್ಧಕ್ಕೆ ಬಾಗಿಲಿಲ್ಲ. ಗೋಡೆ ಪೂರ್ತಿ ಪಾಚಿ, ಆದರೂ ಮನೆ ನಂಬರ್ ಮಾತ್ರ ಕಾಣ್ತಾ ಇತ್ತು. ಭಾವ ನಂಬರ್ ನೋಡಲೇ ಇಲ್ಲ, ಮನೆ ಎದುರಿನ ಪೇರಳೆ ಮರದಿಂದ ಗುರುತು ಹಿಡಿದರು. ಅವರ ಅಮ್ಮ ನೆಟ್ಟಿದ್ದಂತೆ. ಮಳೆಯಲ್ಲೇ ಇಳಿದು ಒಂದು ಕಾಯಿ ಕಿತ್ತು ಕಚ್ಚಿ, ಮುಖ ಹುಳಿ ಮಾಡಿಕೊಂಡು, ಮತ್ತೆ ಪೂರ್ತಿ ತಿಂದರು.

ಗೊತ್ತಿಲ್ಲದವರಿಗೆ ಚೂರು ಹಿನ್ನೆಲೆ. ಇಲ್ಲಿ ಸಿಗೋದು ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಅದಿರು. ಕಬ್ಬಿಣದ ಅಂಶ ಕಮ್ಮಿ, ಹಾಗಾಗಿ ಅರೆದು ಸೋಸಲೇಬೇಕು. ಅದಕ್ಕೆ 1976ರಲ್ಲಿ ಕಂಪನಿ ಕಟ್ಟಿದರು. ದುಡ್ಡು ಕೊಡ್ತೀನಿ, ಅದಿರೂ ಕೊಳ್ತೀನಿ ಅಂದಿದ್ದು ಇರಾನ್. ಕ್ರಾಂತಿಯಾಗಿ 1979ರಲ್ಲಿ ಅಲ್ಲಿನ ದೊರೆ ಶಾ ಓಡಿಹೋದರು, ಗಿರಾಕಿಯೂ ಹೋಯಿತು. ಆದರೂ ಕೆಲಸ ನಿಲ್ಲಲಿಲ್ಲ. ಸೋಸಿದ ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಘಾಟಿ ಇಳಿಸಿ ಮಂಗಳೂರಿಗೆ ಬಿಡುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಹೊಳೆಗೆ ಅಡ್ಡಲಾಗಿ ಡ್ಯಾಮು. ನೀರಿಗಲ್ಲ, ಕೆಸರಿಗೆ ಅಂತಲೇ ಕಟ್ಟಿದ ಡ್ಯಾಮು ಅದು!

ಮಜಾ ಏನಂದರೆ, ಗಣಿ ಜೋರಾಗಿ ನಡೀತಿದ್ದಾಗಲೇ, 1987ರಲ್ಲಿ, ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ಈಗ ಅದು ಸುಮಾರು 600 ಚದರ ಕಿ.ಮೀ. ಇದೆ. ಉದ್ಯಾನ ಮತ್ತು ಗಣಿ, ಎರಡೂ ಒಂದೇ ಗುಡ್ಡದಲ್ಲಿ. ಇಲ್ಲಿ ಬೀಳೋ ಮಳೆಗೆ ಅಗೆದ ಮಣ್ಣು ಸುಮ್ನೆ ಕೂರುತ್ತಾ? ಭದ್ರಾ ಕೆಂಪಾಗಿ ಹರಿಯೋದು. ಅದೇ ನೀರು ಕೆಳಗೆ ಲಕ್ಕವಳ್ಳಿ ಡ್ಯಾಮಿಗೆ, ಅಲ್ಲಿಂದ ದಾವಣಗೆರೆ ಕಡೆಯ ಗದ್ದೆಗಳಿಗೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ಬಂದ್.

ಗಣಿ ನಿಂತಿದ್ದು ಸರಿ ಅಂತಲೇ ನನ್ನ ಲೆಕ್ಕ. ಭಾವನ ಎದುರು ಹಾಗೆ ಅನ್ನೋಕೆ ಸ್ವಲ್ಪ ಅಳುಕಿತ್ತು. ಅವರೇ ಹೇಳಿದರು, "ನಿಲ್ಲಬೇಕಿತ್ತು ಬಿಡು. ಆದರೆ ನಮ್ಮ ಸ್ಕೂಲಿಗೆ ನೂರಾರು ಮಕ್ಕಳು ಬರ್ತಿದ್ರು ಕಣೋ, ಅವರೆಲ್ಲ ಎಲ್ಲಿ ಹೋದರೋ."

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಗಣಿಗೆ ರಸ್ತೆ, ಕರೆಂಟು, ಪೈಪು ಎಲ್ಲ ಕಾಡು ಸೀಳಿಕೊಂಡು ಬಂತು. ಅದೇ ಕಾಡಿನೊಳಗೆ ತಲೆಮಾರುಗಳಿಂದ ಗದ್ದೆ ಮಾಡಿಕೊಂಡಿರೋ ಮನೆಗಳಿಗೆ ಒಂದು ಕರೆಂಟ್ ತಂತಿ ಎಳೀಬೇಕಂದರೆ, ಹಳ್ಳಕ್ಕೊಂದು ಮೋರಿ ಹಾಕಬೇಕಂದರೆ ಕಾನೂನು ನೆನಪಾಗುತ್ತೆ. ಕೆಲವರು ಪರಿಹಾರ ತಗೊಂಡು ಹೊರಟರು. ಇರೋರು ಇನ್ನೂ ಮಳೆಗಾಲದಲ್ಲಿ ಕಾಲುಸಂಕ ದಾಟಿಕೊಂಡೇ ಓಡಾಡುತ್ತಾರೆ.

ಮುಂದೆ ಚೆಕ್‌ಪೋಸ್ಟ್. ಗಾಡಿ ನಂಬರ್ ಬರೆದುಕೊಂಡು, ಟೈಮ್ ಹಾಕಿದ ಚೀಟಿ ಕೊಟ್ಟರು. ಆ ಕಡೆ ಗೇಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ನಡುವೆ ಕೂತು ಬಾಟಲಿ ಬಿಚ್ಚೋರ ಕಾಟಕ್ಕೆ ಈ ವ್ಯವಸ್ಥೆ. ಒಳ್ಳೆಯದೇ.

ಮಂಜು ಸರಿದಾಗ ಕಂಡಿತು: ಮೇಲೆಲ್ಲ ಹುಲ್ಲು, ನೀರು ಇಳಿಯೋ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾಗಿ ಶೋಲಾ ಕಾಡು. ಯಾರೋ ಬೇಕಂತಲೇ ಕತ್ತರಿಸಿ ಜೋಡಿಸಿದ ಹಾಗೆ. ಗಾಡಿ ನಿಲ್ಲಿಸಬಾರದು, ನಿಲ್ಲಿಸಿದೆವು, ಎರಡೇ ನಿಮಿಷ. ಸಿಂಗಳೀಕ ಕಾಣಬಹುದಾ ಅಂತ ಆಸೆ. ಅದು ಮರದಿಂದ ಇಳಿಯೋದೇ ಅಪರೂಪ, ಮರದಿಂದ ಮರಕ್ಕೇ ಹೋಗುತ್ತೆ, ಹಾಗಾಗಿ ಕಾಡು ತುಂಡಾದರೆ ಅದರ ಕಥೆ ಮುಗೀತು. ನನಗೆ ಇವತ್ತಿನವರೆಗೂ ಕಂಡಿಲ್ಲ. ಹನುಮನಗುಂಡಿ ಹತ್ತಿರ ಕಂಡಿದ್ದು ಮಾಮೂಲಿ ಮಂಗ, ಯಾರದೋ ಕುರ್ಕುರೆ ಪ್ಯಾಕೆಟ್ ಹಿಡಿದುಕೊಂಡು.

ಎಸ್.ಕೆ. ಬಾರ್ಡರ್‌ನಲ್ಲಿ ಕಾರ್ಕಳದ ಕಡೆ ತಿರುಗಿದೆವು. ಎಸ್.ಕೆ. ಅಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆಯೇ ಈಗಿಲ್ಲ, ಕಾರ್ಕಳ ಉಡುಪಿಗೆ ಸೇರಿಯೇ ಎಷ್ಟೋ ವರ್ಷವಾಯಿತು, ಬಾರ್ಡರ್ ಮಾತ್ರ ಹಾಗೇ ಇದೆ.

ಕೊನೆಯ ಗೇಟಲ್ಲಿ ಚೀಟಿ ನೋಡಿ ಗಾರ್ಡ್ ಒಮ್ಮೆ ನಮ್ಮ ಮುಖ ನೋಡಿದರು, ಏನೂ ಹೇಳಲಿಲ್ಲ. ಬಜಗೋಳಿಯಲ್ಲಿ ಚಾ ಕುಡಿಯುವಾಗ ಭಾವ ಪ್ಯಾಂಟ್ ಎತ್ತಿದರೆ ಕಣಕಾಲಲ್ಲಿ ಉಂಬಳ (ಜಿಗಣೆ), ಹೊಟ್ಟೆ ತುಂಬಿ ದ್ರಾಕ್ಷಿ ಥರ ಆಗಿತ್ತು. ಪೇರಳೆ ಮರದ ಬುಡದಲ್ಲೇ ಹತ್ತಿರಬೇಕು. "ನಮ್ಮ ಮನೆಯದ್ದೇ" ಅಂತ ನಗುತ್ತಾ ಅದಕ್ಕೆ ಉಪ್ಪು ಕೇಳಿದರು.