ಬಟ್ಟೆಯ ಹಿಂಬದಿ

"ಇದರ ಹಿಂಬದಿ ನೋಡಬಹುದಾ?"

ಪ್ರದರ್ಶನ ಶುರುವಾದಾಗಿನಿಂದ ಗ್ಯಾಲರಿಗೆ ಬಂದವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಇದು. ಕೇಳಿದವರು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಗಸರ ಗುಂಪಿನಲ್ಲಿದ್ದ ಹಿರಿಯರೊಬ್ಬರು. ಅವರ ವಾರದ ರಜೆಯ ದಿನ ನೋಡಿಕೊಂಡು ಗ್ಯಾಲರಿಯ ಕಲಿಕಾ ವಿಭಾಗ ಅವರನ್ನು ಕರೆದಿತ್ತು. ಆ ವಿಭಾಗದಲ್ಲಿ ನಾನು ಸ್ವಯಂಸೇವಕಿ. ಬಂದವರನ್ನು ಕಲಾಕೃತಿಯ ಮುಂದೆ ನಿಲ್ಲಿಸಿ ಮಾತಿಗೆಳೆಯುವುದು ನನ್ನ ಕೆಲಸ. ಆ ಮಧ್ಯಾಹ್ನ ಮಾತ್ರ ನಾನು ಎಳೆಯಬೇಕಾದದ್ದು ಬಹಳ ಕಡಿಮೆಯಿತ್ತು, ಕೇಳಿಸಿಕೊಳ್ಳಬೇಕಾದದ್ದು ಬಹಳವಿತ್ತು.

ಕೃತಿಯ ಬಗ್ಗೆ ಮೊದಲು ಹೇಳಬೇಕು. ಗ್ಯಾಲರಿಯ ರೆಸಿಡೆನ್ಸಿಯಲ್ಲಿದ್ದ, ಎಂದರೆ ಕೆಲವು ತಿಂಗಳು ಗ್ಯಾಲರಿಯ ಆಶ್ರಯದಲ್ಲೇ ಕೆಲಸ ಮಾಡುತ್ತಿದ್ದ ಯುವ ಕಲಾವಿದೆಯೊಬ್ಬರು ಕಾರ್ಮಿಕರು ತೊಟ್ಟು ಸವೆಸಿದ ನೀಲಿ ಸಮವಸ್ತ್ರಗಳನ್ನು ಕೂಡಿಹಾಕಿ, ಹೊಲಿಗೆ ಬಿಚ್ಚಿ, ತುಂಡುಗಳನ್ನೆಲ್ಲ ಮತ್ತೆ ಜೋಡಿಸಿ ಒಂದು ಗೋಡೆಯಷ್ಟು ದೊಡ್ಡ ಬಟ್ಟೆ ಮಾಡಿದ್ದರು. ಕೆಲವೆಡೆ ಮಿಷನ್ ಹೊಲಿಗೆ, ಕೆಲವೆಡೆ ಕೈಹೊಲಿಗೆ. ದೂರದಿಂದ ನೋಡಿದರೆ ತಿಳಿನೀಲಿಯ ಹರವಿನಲ್ಲಿ ಅಲ್ಲಲ್ಲಿ ಕಡುನೀಲಿ ಚೌಕಗಳು. ನೋಡಿದವರಲ್ಲಿ ಹೆಚ್ಚಿನವರು ಆ ಚೌಕಗಳನ್ನು ಕಿಟಕಿ ಎಂದುಕೊಳ್ಳುತ್ತಿದ್ದರು. ರಾತ್ರಿ ಪಾಳಿಯ ಕಟ್ಟಡ, ಮನೆಗಳ ಸಾಲು, ನಗರ, ಹೀಗೆ. ನನಗೂ ಅದು ಕಿಟಕಿಯೇ ಆಗಿತ್ತು.

ಇಂಥ ಕೃತಿಯನ್ನು ಕೊಳ್ಳುವವರು ಅಪರೂಪ. ಮನೆಯ ಗೋಡೆಗೆ ಹಿಡಿಸುವುದಿಲ್ಲ, ಕಾಪಾಡುವುದು ಕಷ್ಟ. ಖಾಸಗಿ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಮಾರಾಟದ ಹಣದ ಅರ್ಧದಷ್ಟು ಗ್ಯಾಲರಿಗೆ, ಉಳಿದದ್ದು ಕಲಾವಿದರಿಗೆ. ಮಾರಾಟವೇ ಆಗದಿದ್ದರೆ? ತಿಂಗಳುಗಟ್ಟಲೆ ದುಡಿದು, ಜನ ಬಂದು ನೋಡಿ ಮೆಚ್ಚಿ ಹೋದರೂ ಕಲಾವಿದೆಯ ಕೈ ಬರಿದು. ಪ್ರದರ್ಶನವೂ ದುಡಿಮೆಯೇ, ಅದಕ್ಕೆ ಸಂಭಾವನೆ ಕೊಡಿ ಎಂಬ ಹಕ್ಕೊತ್ತಾಯ ಹೊಸದೇನಲ್ಲ. ಕೆನಡಾದ ಕಲಾವಿದರು 1968ರಲ್ಲಿ ಕಟ್ಟಿಕೊಂಡ, ಈಗ ಕಾರ್‌ಫ್ಯಾಕ್ ಎನಿಸಿಕೊಂಡಿರುವ ಸಂಘ ಇದಕ್ಕಾಗಿ ಹೋರಾಡಿತು. 1988ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಮಾರಾಟಕ್ಕಲ್ಲದ ಸಾರ್ವಜನಿಕ ಪ್ರದರ್ಶನದ ಮೇಲೂ ಕಲಾವಿದರಿಗೆ ಹಕ್ಕು ಬಂತು. ನ್ಯೂಯಾರ್ಕಿನಲ್ಲಿ 2008ರಲ್ಲಿ ಹುಟ್ಟಿದ 'ವೇಜ್' ಎಂಬ ಗುಂಪು ಲಾಭರಹಿತ ಸಂಸ್ಥೆಗಳ ಬೆನ್ನು ಹತ್ತಿ ಇದೇ ಮಾತನ್ನು ಕೇಳುತ್ತ ಬಂದಿದೆ. ನಾನು ದುಡಿಯುವ ಗ್ಯಾಲರಿ ಪ್ರದರ್ಶನಕ್ಕೆ ಸಂಭಾವನೆ ಕೊಡುತ್ತದೆ, ರೆಸಿಡೆನ್ಸಿಯ ತಿಂಗಳುಗಳಿಗೆ ಭತ್ಯೆ ಕೊಡುತ್ತದೆ, ಕಲಿಕಾ ವಿಭಾಗದಲ್ಲಿ ಕಲಾವಿದರು ಕಳೆಯುವ ಹೊತ್ತಿಗೆ ಬೇರೆಯಾಗಿ ಕೊಡುತ್ತದೆ. ಹಾಗಾಗಿಯೇ ಆ ದಿನ ಕಲಾವಿದೆಯೂ ಅಲ್ಲಿದ್ದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಅವರು ಅಲ್ಲಿರದೆ ಹೋಗಿದ್ದರೆ ನಾನು ಹೇಳಹೊರಟಿರುವುದು ನಡೆಯುತ್ತಲೇ ಇರಲಿಲ್ಲ.

ಹೆಂಗಸರು ಬಂದಾಗ ಬಾಗಿಲ ಹತ್ತಿರವೇ ಗುಂಪಾಗಿ ನಿಂತರು. ಬಿಳಿ ಗೋಡೆ, ಕಡಿಮೆ ಬೆಳಕು, ಮೂಲೆಯಲ್ಲಿ ನಿಂತ ಕಾವಲುಗಾರ. ಗ್ಯಾಲರಿಯ ಒಳಾಂಗಣ ಎಷ್ಟು ಜನರನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ ಎಂಬುದನ್ನು ನಾನು ಪ್ರತಿ ಸಲ ನೋಡುತ್ತೇನೆ, ಪ್ರತಿ ಸಲ ಸಂಕಟವಾಗುತ್ತದೆ. "ನಮಗೆ ಇದೆಲ್ಲ ಅರ್ಥ ಆಗಲ್ಲಮ್ಮ, ನೀವೇ ಹೇಳಿಬಿಡಿ" ಎಂದು ಒಬ್ಬರು ಮೊದಲೇ ಅಂದರು. ನಾನು ಹೇಳಲಿಲ್ಲ. ನಾವು ಅನುಸರಿಸುವ ಕ್ರಮ ಅದಕ್ಕೆ ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಮತ್ತು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದ ಶಿಕ್ಷಣ ವಿಭಾಗ ನಡೆಸುತ್ತಿದ್ದ ಫಿಲಿಪ್ ಯೆನವೈನ್ ಸೇರಿ ರೂಪಿಸಿದ ಕ್ರಮ ಅದು. ಕೇಳುವುದು ಮೂರೇ ಪ್ರಶ್ನೆ. ಇಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗನ್ನುತ್ತೀರಿ? ಇನ್ನೇನು ಕಾಣುತ್ತಿದೆ? ಯಾರು ಏನೇ ಹೇಳಲಿ, ಸರಿ ತಪ್ಪು ಅನ್ನಬಾರದು. ಅವರ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳಿ, ಅವರು ತೋರಿಸಿದ ಜಾಗದತ್ತ ಎಲ್ಲರ ಕಣ್ಣು ಹೊರಳಿಸಬೇಕು, ಅಷ್ಟೇ.

ಮೊದಲ ಪ್ರಶ್ನೆಗೆ ಕೊಂಚ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಗುಂಪಿನ ನಡುವಿಂದ ಒಬ್ಬಾಕೆ ಕಡುನೀಲಿ ಚೌಕವೊಂದರತ್ತ ಬೆರಳು ಮಾಡಿ, ಇದರಲ್ಲಿ ಕೇಳುವುದೇನಿದೆ ಎಂಬ ದನಿಯಲ್ಲಿ ಹೇಳಿದರು: "ಜೇಬು ಬಿಚ್ಚಿದ ಜಾಗ."

ಏನನ್ನು ನೋಡಿ ಹಾಗನ್ನುತ್ತೀರಿ ಎಂದು ಕೇಳಿದೆ. "ಜೇಬಿನ ಅಡಿ ಬಿಸಿಲು ಬಿದ್ದಿಲ್ಲ, ತಿಕ್ಕಾಟ ಇಲ್ಲ. ಬಣ್ಣ ಹಾಗೇ ಉಳಿದಿದೆ. ಸುತ್ತ ನೋಡಿ, ಸೂಜಿ ಚುಚ್ಚಿದ ತೂತು ಸಾಲಾಗಿ ಕಾಣ್ತವೆ. ಮೇಲಿನ ಎರಡು ಮೂಲೆಯಲ್ಲಿ ತೂತು ಒತ್ತಾಗಿದೆ. ಅಲ್ಲಿ ಬಾರ್‌ಟ್ಯಾಕ್ ಅಂತ ಒತ್ತೊತ್ತಾದ ಹೊಲಿಗೆ ಹಾಕಿರ್ತಾರೆ, ಕೈ ಹಾಕಿ ತೆಗೆದು ಮಾಡಿದರೆ ಜೇಬು ಹರೀಬಾರದು ಅಂತ."

ಆಮೇಲೆ ನನ್ನ ಪ್ರಶ್ನೆಗಳು ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಬಟ್ಟೆಗೆ ಅಂಟಿಕೊಂಡಂತೆ ನಿಂತರು. ಇದು ತೋಳಿನ ತುಂಡು, ಇದು ಬೆನ್ನಿನದು. ಇಲ್ಲಿ ಚೈನ್ ಸ್ಟಿಚ್ ಇತ್ತು, ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಬಿಚ್ಚಿ ಬರುತ್ತದೆ. ಇದು ಲಾಕ್ ಸ್ಟಿಚ್, ಒಂದೊಂದಾಗಿ ಕತ್ತರಿಸಿಯೇ ತೆಗೆದಿರಬೇಕು, ಪಾಪ ಎಷ್ಟು ಹೊತ್ತು ಕೂತಳೋ. ಇದು ಎಡಗೈಯವನ ಅಂಗಿ, ಎಡ ತೋಳಿನ ಅಂಚು ಹೆಚ್ಚು ಸವೆದಿದೆ. ವರ್ಷಗಟ್ಟಲೆ ಕಾಲರ್ ಮಾತ್ರ ಹೊಲಿದ ಒಬ್ಬಾಕೆ ಇದ್ದರು. ಕಾರ್ಖಾನೆಯ ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ: ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ಕಾಜಾ. ಆಕೆ ಅಷ್ಟಗಲದ ಬಟ್ಟೆಯಲ್ಲಿ ಕಾಲರ್‌ಗಳನ್ನಷ್ಟೇ ಹುಡುಕುತ್ತ ಹೋಗಿ, ಮೂಲೆ ತಿರುಗಿಸಿದ ರೀತಿ ನೋಡಿ, ಇದು ಅನುಭವಸ್ಥರ ಕೈ, ಇದು ಹೊಸಬರದು ಎಂದು ಬೇರ್ಪಡಿಸಿ ತೋರಿಸಿದರು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಜನ ಒಂದು ಕೃತಿಯನ್ನು ಎಷ್ಟು ಹೊತ್ತು ನೋಡುತ್ತಾರೆಂದು ಇಬ್ಬರು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದ್ದರು. ಸರಾಸರಿ 27 ಸೆಕೆಂಡ್. ಅರ್ಧದಷ್ಟು ಸಲ 17 ಸೆಕೆಂಡೂ ದಾಟಿರಲಿಲ್ಲ. ಈ ಹೆಂಗಸರು ಒಂದೇ ಕೃತಿಯ ಮುಂದೆ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದರು. ಕೂರಲು ತಂದಿಟ್ಟ ಕುರ್ಚಿಗಳು ಖಾಲಿಯೇ ಇದ್ದವು.

ಹಿಂಬದಿಯ ಪ್ರಶ್ನೆ ಬಂದದ್ದು ಆಗ. ಹಿರಿಯಾಕೆ ಬಲಗಡೆಯ ಒಂದು ಉದ್ದ ಹೊಲಿಗೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಮೇಲಿನ ದಾರ ಸಡಿಲವಿದೆ, ಹಾಗಾಗಿ ಹಿಂದುಗಡೆ ದಾರ ಕುಣಿಕೆ ಕುಣಿಕೆಯಾಗಿ ಬಿದ್ದಿರಬೇಕು, ಹೌದೋ ಅಲ್ಲವೋ ನೋಡಬೇಕು ಅಂದರು. ಲಾಕ್ ಸ್ಟಿಚ್‌ನಲ್ಲಿ ಎರಡು ದಾರ, ಒಂದು ಮೇಲಿನದು, ಇನ್ನೊಂದು ಮಿಷನ್ನಿನ ಕೆಳಗಿರುವ ಪುಟ್ಟ ಉರುಳೆ, ಬಾಬಿನ್‌ನದು. ಎರಡರ ಬಿಗಿ ಸಮನಾಗಿದ್ದರೆ ಗಂಟು ಬಟ್ಟೆಯ ನಡುವೆ ಅಡಗುತ್ತದೆ. ಮೇಲಿನದು ಸಡಿಲವಾದರೆ ದೋಷ ಕಾಣುವುದು ಕೆಳಗಡೆ. ಹೊಲಿಯುವವರು ಬಟ್ಟೆಯನ್ನು ತಿರುಗಿಸಿ ನೋಡದೆ ಏನೂ ಹೇಳುವುದಿಲ್ಲವಂತೆ.

ದೊಡ್ಡ ಬಟ್ಟೆಯನ್ನು ಗೋಡೆಗೆ ತೂಗುವಾಗ ಮೊಳೆ ಹೊಡೆಯುವುದಿಲ್ಲ. ಮೇಲಂಚಿನ ಉದ್ದಕ್ಕೂ ವೆಲ್ಕ್ರೋ ಹೊಲಿದ ಪಟ್ಟಿ, ಅದರ ಜೋಡಿ ಗೋಡೆಯ ಮೇಲಿನ ಮರದ ರೀಪಿನಲ್ಲಿ. ಭಾರ ಒಂದೆರಡು ಕಡೆ ಜಗ್ಗದೆ ಇಡೀ ಅಂಚಿಗೆ ಹಂಚಿಹೋಗುತ್ತದೆ. ಕೆಳಗಡೆ ಬಟ್ಟೆ ಬಿಡಿಯಾಗಿಯೇ ಇರುತ್ತದೆ. ನಾನು ಕಲಾವಿದೆಯ ಮುಖ ನೋಡಿದೆ. ಅವರು ತಲೆಯಾಡಿಸಿದರು. ಪ್ರದರ್ಶನದ ತಂತ್ರಜ್ಞರು ಕೈಗವಸು ಹಾಕಿಕೊಂಡು ಬಂದು ಬಲ ಮೂಲೆಯನ್ನು ನಿಧಾನವಾಗಿ ಎತ್ತಿ ಹಿಡಿದರು.

ಕುಣಿಕೆಗಳಿದ್ದವು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ಹಿರಿಯಾಕೆಯೂ ನಕ್ಕರು. ಕಲಾವಿದೆ ಅವರ ಪಕ್ಕ ಮಂಡಿಯೂರಿ ಕೂತು ಮೇಲೆ ನೋಡುತ್ತಿದ್ದರು. ಆದರೆ ಹಿಂಬದಿಯಲ್ಲಿ ಕುಣಿಕೆಗಳಷ್ಟೇ ಇರಲಿಲ್ಲ. ಅಂಗಿಗಳ ಒಳಗಿನ ಅಳತೆಯ ಚೀಟಿಗಳು, ಒಗೆಯಲು ಕೊಡುವಾಗ ಬರೆದ ಗುರುತಿನ ಸಂಖ್ಯೆಗಳು, ಹರಿದಲ್ಲಿ ತೊಟ್ಟವರೇ ಬೇರೆ ಬಣ್ಣದ ದಾರದಲ್ಲಿ ಹಾಕಿಕೊಂಡ ತೇಪೆಗಳು. ಎಲ್ಲವೂ ಗೋಡೆಯ ಕಡೆಗಿದ್ದವು. ಒಬ್ಬಾಕೆ ಚೀಟಿಗಳಲ್ಲಿದ್ದ ಅಳತೆಗಳನ್ನು ಗಟ್ಟಿಯಾಗಿ ಓದುತ್ತ ಹೋದರು. ಇನ್ನೊಬ್ಬರು ಒಂದು ತೇಪೆ ತೋರಿಸಿ, ಇದನ್ನು ಹಾಕಿದವನಿಗೆ ಹೊಲಿಯಲು ಬರುತ್ತಿರಲಿಲ್ಲ, ಆದರೂ ಹಾಕಿಕೊಂಡಿದ್ದಾನೆ, ಮನೆಯಲ್ಲಿ ಹೇಳಲು ಯಾರೂ ಇರಲಿಲ್ಲವೇನೋ ಅಂದರು.

ಮುಟ್ಟಬೇಕೆಂಬ ಆಸೆ ಎಲ್ಲರ ಕೈಯಲ್ಲೂ ಎದ್ದು ಕಾಣುತ್ತಿತ್ತು. ಬೆವರಿನ ಉಪ್ಪು, ಚರ್ಮದ ಎಣ್ಣೆ ನೂಲಿಗೆ ಹಿಡಿದು ಕಾಲಾಂತರದಲ್ಲಿ ಅದನ್ನು ತಿನ್ನುತ್ತವೆ, ಅದಕ್ಕೇ ಬೇಡ ಎಂದೆವು. ಮುಟ್ಟಲೆಂದೇ ಕಲಾವಿದೆ ಅದೇ ಬಟ್ಟೆಯಲ್ಲಿ ಮಾಡಿಟ್ಟಿದ್ದ ತುಣುಕನ್ನು ಕೊಟ್ಟೆವು. ಕೋಣೆ ಯಾಕೆ ಇಷ್ಟು ಮಬ್ಬು ಎಂದು ಕಿರಿಯಳೊಬ್ಬಳು ಕೇಳಿದಳು. ನಾನು ಸಾಮಾನ್ಯವಾಗಿ ಹೇಳುವ ಉತ್ತರ ಶುರು ಮಾಡಿದೆ: ಬಟ್ಟೆಗೆ, ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು ಎಂಬುದು ವಸ್ತುಸಂಗ್ರಹಾಲಯಗಳ ರೂಢಿ, ಬೆಳಕು ಮಾಡುವ ಹಾನಿ ಕೂಡುತ್ತಲೇ ಹೋಗುತ್ತದೆ, ಒಮ್ಮೆ ಹೋದ ಬಣ್ಣ ಮರಳುವುದಿಲ್ಲ. ಮುಗಿಸುವ ಮುಂಚೆಯೇ ಜೇಬಿನ ಗುರುತು ಹಿಡಿದಾಕೆ ಆ ಕಡುನೀಲಿ ಚೌಕವನ್ನು ತೋರಿಸಿ ಅವಳಿಗೆ ಹೇಳಿದರು: "ನೋಡು, ಇಡೀ ಬಟ್ಟೆ ಮೊದಲು ಈ ಬಣ್ಣ ಇತ್ತು. ಇನ್ನೂ ಹೋಗದೇ ಇರಲಿ ಅಂತ ಲೈಟು ಕಮ್ಮಿ ಮಾಡಿದಾರೆ." ಅಂದಿನಿಂದ ನಾನೂ ಆ ಚೌಕವನ್ನೇ ತೋರಿಸಿ ಹೇಳುತ್ತೇನೆ. ಲಕ್ಸ್ ಲೆಕ್ಕ ಮಾತ್ರ ಕೇಳಿದವರಿಗೆ ಅದು ನೆನಪಿರುವುದಿಲ್ಲ, ಇದು ಉಳಿಯುತ್ತದೆ.

ನೂಲು, ಬಟ್ಟೆ, ಹೊಲಿಗೆಗಳನ್ನು ಕಲೆ ಎನ್ನಲು ಕಲಾಲೋಕ ಬಹಳ ಸತಾಯಿಸಿದೆ. ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆ 1919ರಲ್ಲಿ ಎಲ್ಲರಿಗೂ ಬಾಗಿಲು ತೆರೆದೆನೆಂದು ಶುರುವಾದರೂ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆಯ ವಿಭಾಗಕ್ಕೆ ತಳ್ಳಿತು. ಹಾಗೆ ಮಗ್ಗಕ್ಕೆ ಬಂದ ಆನಿ ಆಲ್ಬರ್ಸ್ 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದರು. ಅಲ್ಲಿ ನೇಯ್ಗೆಯ ಕಲಾವಿದರೊಬ್ಬರಿಗೆ ಹಾಗೆ ಜಾಗ ಸಿಕ್ಕಿದ್ದು ಅದೇ ಮೊದಲು. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ ತಲೆಮಾರುಗಳ ಕಾಲ ಕೌದಿ ಹೊಲಿದರು. ದೊಡ್ಡ ವಸ್ತುಸಂಗ್ರಹಾಲಯಗಳು ಅವನ್ನು ತಮ್ಮ ಗೋಡೆಗೆ ಏರಿಸಿ ನಾಡೆಲ್ಲ ಬೆರಗಾದದ್ದು 2002ರಲ್ಲಿ. ಈಗ ಗೋಡೆಯ ಮೇಲೆ ಜಾಗ ಸಿಕ್ಕಿದೆ, ಸಂತೋಷ. ಆದರೆ ಆ ಕೆಲಸ ಕೈಯಾರೆ ಬಲ್ಲವರು ಗೋಡೆಯ ಮುಂದೆ ಬಂದು ನಿಂತು ಮಾತಾಡುವುದು ಇನ್ನೂ ಅಪರೂಪ. ಕಲಿಕಾ ವಿಭಾಗ ಅಂದರೆ ಗೊತ್ತಿಲ್ಲದವರಿಗೆ ಗೊತ್ತಿದ್ದವರು ತಿಳಿಸಿಕೊಡುವ ಜಾಗ ಎಂದುಕೊಂಡಿರುವವರನ್ನು ಆ ಮಧ್ಯಾಹ್ನ ಅಲ್ಲಿಗೆ ಕರೆತರಬೇಕಿತ್ತು ಅನ್ನಿಸುತ್ತದೆ.

ಆಮೇಲೆ ಕಲಿಕಾ ಕೋಣೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತರು. ಕಲಾವಿದೆ ಉಳಿದಿದ್ದ ತುಂಡುಗಳನ್ನು ಸುರಿದರು. ನಿಮಗಿಷ್ಟ ಬಂದದ್ದು ಮಾಡಿ ಅಂದಾಗ ಕಾಲರ್ ಹೊಲಿಯುವಾಕೆ ಬಹಳ ಹೊತ್ತು ಸುಮ್ಮನಿದ್ದರು. ಅಳತೆ ಕೊಡದೆ, ಎಣಿಕೆ ಹೇಳದೆ ಯಾರೂ ಅವರಿಗೆ ಬಟ್ಟೆ ಕೊಟ್ಟಿರಲಿಲ್ಲವಂತೆ. ಕೊನೆಗೆ ನಾಲ್ಕಾರು ಕಾಲರ್‌ಗಳನ್ನು ಆರಿಸಿ, ತುದಿಗೆ ತುದಿ ಸೇರಿಸಿ, ಅಂಗಿಯೇ ಇಲ್ಲದ ಒಂದು ದೊಡ್ಡ ಬಳೆ ಮಾಡಿದರು. ಅದು ತಾನಾಗಿ ನೆಟ್ಟಗೆ ನಿಲ್ಲುತ್ತಿತ್ತು, ಕಾಲರ್‌ನ ಒಳಗಿನ ಗಟ್ಟಿ ಪದರದಿಂದಾಗಿ. ಇತ್ತ ಹಿರಿಯಾಕೆ ಕಲಾವಿದೆಯನ್ನು ಮಿಷನ್ ಮುಂದೆ ಕೂರಿಸಿ ದಾರದ ಬಿಗಿ ಸರಿಮಾಡುವುದನ್ನು ಕಲಿಸುತ್ತಿದ್ದರು. ಕಲಾವಿದೆ ಹೊಲಿದು, ತಿರುಗಿಸಿ ನೋಡಿ, ಮತ್ತೆ ಹೊಲಿದು, ಕೊನೆಗೆ ಕೇಳಿದರು, ನನ್ನ ಬಟ್ಟೆಯ ಕುಣಿಕೆಗಳನ್ನೂ ಸರಿಮಾಡಿಬಿಡಲಾ ಎಂದು. "ಬೇಡ. ಅಲ್ಲಿಗೆ ಬರುವಾಗ ನಿನಗೆ ಸುಸ್ತಾಗಿತ್ತು ಅಂತ ಗೊತ್ತಾಗಲಿ" ಅಂದರು ಆಕೆ.

ಮರುವಾರ ಪ್ರದರ್ಶನ ಬದಲಾಯಿತು. ಗೋಡೆಗಂಟಿದ್ದ ಬಟ್ಟೆಯನ್ನು ಕೋಣೆಯ ನಡುವೆ, ಸೂರಿನಿಂದ ಇಳಿಬಿಟ್ಟ ಕೊಳವೆಗೆ ತೂಗಿದೆವು, ಸುತ್ತ ನಡೆದು ಎರಡೂ ಬದಿ ನೋಡುವಂತೆ. ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್ ಮೊದಲು ಹಿಂಜರಿದರು. ಎರಡು ಕಡೆಯಿಂದ ಬೆಳಕು ಬಿದ್ದರೆ ಬಟ್ಟೆಗೆ ಹೊರೆ ಹೆಚ್ಚು, ಜನ ತಾಗಿಸಿಕೊಂಡು ಓಡಾಡುವ ಭಯ ಬೇರೆ. ಎರಡೂ ನಿಜವಾದ ಆತಂಕಗಳೇ. ಬೆಳಕನ್ನು ಇನ್ನಷ್ಟು ತಗ್ಗಿಸಿ, ನೆಲದ ಮೇಲೆ ಎತ್ತರ ಕಡಿಮೆಯ ತಡೆ ಇಟ್ಟ ಮೇಲೆ ಒಪ್ಪಿದರು. ಹಿಂಬದಿಗೂ ಒಂದು ವಿವರಣಾ ಫಲಕ ಬಂತು. ಅದರಲ್ಲಿನ ಮಾತುಗಳು ಆ ಹೆಂಗಸರವು. ಅಚ್ಚು ಹಾಕುವ ಮುಂಚೆ ಓದಿ ಹೇಳಿ, ಅವರು ತಿದ್ದಿಸಿದಂತೆ ತಿದ್ದಿದ್ದೆವು.

ಕಲಾವಿದೆ ಈಗ ಮುಂದಿನ ಕೃತಿಯ ಯೋಜನೆ ಬರೆದು ಕೊಟ್ಟಿದ್ದಾರೆ. ಅದರ ಖರ್ಚಿನ ಪಟ್ಟಿಯಲ್ಲಿ ಬಟ್ಟೆ, ದಾರ, ಸಾಗಣೆಯ ಜೊತೆಗೆ ಹೊಲಿಗೆ ಬಲ್ಲವರ ಸಂಭಾವನೆ ಎಂದು ಒಂದು ಸಾಲಿದೆ, ದರ ಗಂಟೆಗೆ ತನ್ನದರಷ್ಟೇ. ಗ್ಯಾಲರಿಯ ಸಭೆಯಲ್ಲಿ ಆ ಸಾಲಿನ ಮೇಲೆ ಚರ್ಚೆ ನಡೆಯಿತು, ಮೊತ್ತ ಕಡಿಮೆ ಮಾಡಬಹುದೇ ಎಂಬ ಮಾತೂ ಬಂತು. ಕಡಿಮೆ ಮಾಡದೆ ಮಂಜೂರು ಮಾಡಿದ್ದಾರೆ. ಹಿರಿಯಾಕೆಗೆ ಸುದ್ದಿ ತಿಳಿಸಲು ನಾನೇ ಫೋನ್ ಮಾಡಿದೆ. ಯಾವ ಬಟ್ಟೆ, ಯಾವ ಮಿಷನ್, ಸೂಜಿ ಎಷ್ಟನೇ ನಂಬರಿನದು ಎಂದು ಮೊದಲು ಕೇಳಿದರು.