ಸಪ್ತಾಪುರದ ಗೋಡೆಯ ಚೀಟಿ

ಧಾರವಾಡದ ಸಪ್ತಾಪುರದಲ್ಲಿ 6 ವರ್ಷ ಇದ್ದೆ. ಸಣ್ಣ ರೂಮು, ಇಬ್ಬರು ಹುಡುಗಿಯರು. ನನ್ನ ಮಂಚದ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆ: 'ಡಿಸಿ, 30 ತುಂಬುವುದರೊಳಗೆ.' 30 ತುಂಬಿದ ದಿನ ಅದನ್ನು ಹೊಡೆದು 33 ಅಂತ ಬರೆದೆ.

ಡಿಸಿ ಆಗಬೇಕು ಅಂತ ನಾನು ಬರೆಯುತ್ತಿದ್ದುದು ಯುಪಿಎಸ್‌ಸಿ ಪರೀಕ್ಷೆ. ಒಬಿಸಿಯವರಿಗೆ ಅದರಲ್ಲಿ 9 ಅವಕಾಶ, 35 ವರ್ಷದ ತನಕ. ಹಾಗಾಗಿ ಲೆಕ್ಕ ಯಾವಾಗಲೂ ಉಳಿಯುತ್ತಿತ್ತು. ಇನ್ನೂ ಆರಿದೆ, ಇನ್ನೂ ಐದಿದೆ. ನಾಲ್ಕು ಸಲ ಮೊದಲ ಹಂತದ ಪ್ರಿಲಿಮ್ಸ್‌ನಲ್ಲೇ ನಿಂತೆ. ಒಮ್ಮೆ ಎರಡನೇ ಹಂತದ ಮೇನ್ಸ್ ಬರೆದೆ, ಸಂದರ್ಶನಕ್ಕೆ ಕರೆ ಬರಲಿಲ್ಲ.

ಪ್ರತಿ ಸಲವೂ ಏನಾದರೂ ಬದಲಾಯಿಸಿದೆ. ಐಚ್ಛಿಕ ವಿಷಯವಾಗಿ ಭೂಗೋಳ ಬಿಟ್ಟು ಕನ್ನಡ ಸಾಹಿತ್ಯ ತಗೊಂಡೆ. 8 ತಾಸಿನ ಓದನ್ನು 11 ಮಾಡಿದೆ. ಪ್ರಿಲಿಮ್ಸ್‌ನಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಳೀತಾರಲ್ವಾ, ಎಷ್ಟು ಪ್ರಶ್ನೆ ಬಿಡಬೇಕು ಅನ್ನುವುದಕ್ಕೂ ನನ್ನ ಹತ್ತಿರ ಲೆಕ್ಕ ಇತ್ತು. ಇಷ್ಟೆಲ್ಲ ತಿದ್ದುವಾಗ ಗುರಿಯನ್ನೇ ತಿದ್ದಿ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ನಿಜಕ್ಕೂ ಗುರಿಯನ್ನು ತಿದ್ದಿಯೇ ಇರಲಿಲ್ಲ. ಹಟ ಜಾಸ್ತಿ ಇರುವವರು ಟೈಮ್‌ಟೇಬಲ್ಲನ್ನು ಎಷ್ಟು ಸಲ ಬೇಕಾದರೂ ಹರಿದು ಬರೆಯುತ್ತೇವೆ. ಯಾಕೆ ಬೇಕು ಇದು ಅಂತ ಕೇಳಿಕೊಳ್ಳಲು ಮಾತ್ರ ಹೆದರುತ್ತೇವೆ. ಕೇಳಿದರೇ ಸೋತ ಹಾಗೆ ಅನ್ನಿಸುತ್ತದೆ.

ಐದನೇ ಸಲದ ಫಲಿತಾಂಶ ಬಂದ ಮೇಲೆ ಊರಿಗೆ ಹೋದೆ. ಬ್ಯಾಂಕ್ ಸಾಲಕ್ಕೆ ಅವ್ವನಿಗೆ ಮನೆಯ ಫಾರಂ ನಂಬರ್ 9, ಅಂದರೆ ಪಂಚಾಯಿತಿ ಕೊಡುವ ಇ-ಸ್ವತ್ತು ಆಸ್ತಿ ದಾಖಲೆ, ಬೇಕಿತ್ತು. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ನಾಲ್ಕು ತಿಂಗಳಿಂದ ಪಂಚಾಯಿತಿಗೆ ಅಲೆದಿದ್ದಳು. "ನೀ ದೊಡ್ಡ ಪರೀಕ್ಷೆ ಓದಾಕಿ, ಇದೊಂದು ಕಾಗದ ತಂದು ಕೊಡವಾ" ಅಂದಳು. ಹೋದೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆಂದು ಬರೆದ 29 ವಿಷಯಗಳು ನನಗೆ ಬಾಯಿಪಾಠ. ಕುಡಿಯುವ ನೀರು 11ನೆಯದು ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆ. ಅವ್ವನ ಅರ್ಜಿಗೆ ಏನೇನು ಕಾಗದ ಜೋಡಿಸಬೇಕು ಅಂತ ಗೊತ್ತಿರಲಿಲ್ಲ. ಬೆಂಚಿನ ಮೇಲೆ ನನ್ನ ಜೊತೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ಒಬ್ಬ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮನಸ್ಸಿಟ್ಟು ಕೂತರೆ ಅವರಲ್ಲಿ ಹೆಚ್ಚಿನವರ ಕೆಲಸ ಮುಗಿಯುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಂದಿನಿಂದ ಇಂಥ ಬೆಂಚುಗಳನ್ನು ನೋಡಿಯೇ ಡಿಸಿ ಆಗುವ ಆಸೆ ಹುಟ್ಟಿದ್ದು. ಸರ್ಕಾರಿ ಕಾರೂ ಬೇಕಿತ್ತು, ಊರವರು ಎದ್ದು ನಿಲ್ಲಬೇಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ಪದದಲ್ಲಿ ಚೀಟಿಗೆ ಬರೆದುಬಿಟ್ಟಿದ್ದೆ.

ಪಿಡಿಒ ಪರೀಕ್ಷೆಗೆ ಅರ್ಜಿ ಹಾಕಿದೆ. ಗ್ರೂಪ್ ಸಿ ಹುದ್ದೆ. "ಇಷ್ಟಕ್ಕೇ ನಿಲ್ಲಿಸ್ತಿಯೇನ?" ಅಂತ ರೂಮಿನ ಗೆಳತಿ ಕೇಳಿದಳು. ಎರಡು ದಿನ ಅತ್ತೆ. ಆಯ್ಕೆಯಾದಾಗಲೂ ಅತ್ತೆ. ಡಿಸಿಯವರ ಗಾಡಿ ನಮ್ಮ ಪಂಚಾಯಿತಿ ಮುಂದೆ ನಿಂತಾಗ ಈಗಲೂ ಎದೆ ಭಾರವಾಗುತ್ತದೆ. ಆದರೆ ಅವ್ವನಂಥವರು ಬಂದಾಗ ಯಾವ ಕಾಗದ ತರಬೇಕು ಅಂತ ಒಂದೇ ಸಲಕ್ಕೆ ಬರೆದು ಕೊಡುತ್ತೇನೆ.

ಈಗ ನನಗೆ 33. ಯುಪಿಎಸ್‌ಸಿಯ 4 ಅವಕಾಶ ಹಾಗೇ ಇವೆ. ಮುಂದಿನ ವರ್ಷ ಒಂದು ಸಲ ಬರೆಯುತ್ತೇನೆ, ಅದೇ ಕೊನೆ. ಯಾಕೆ ಬರೆಯುತ್ತಿದ್ದೇನೆ ಅಂತ ಈ ಸಲ ಒಂದು ಪುಟ ಬರೆದಿಟ್ಟುಕೊಂಡಿದ್ದೇನೆ.

ಹೊಸ ಚೀಟಿ ಆಫೀಸಿನ ಮೇಜಿನ ಗಾಜಿನ ಕೆಳಗಿದೆ: 'ಬಾಕಿ ಇ-ಸ್ವತ್ತು ಅರ್ಜಿ 41, ಯುಗಾದಿಯೊಳಗೆ.' ನಿನ್ನೆ ಸಂಜೆಗೆ 26 ಉಳಿದಿದ್ದವು.